ಗಾಜಿನ ಕಪಾಟು ಖಾಲಿ ಮಾಡುವ ಮೊದಲು

(ಹಿರಿಯರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೊರಟವರು ಇಲ್ಲಿ ಕೆಲವರಿದ್ದೀರಿ. ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳನ್ನು ತಳ್ಳಿದವರು ಅದಕ್ಕಿಂತ ಹೆಚ್ಚು ಜನ ಇದ್ದೀರಿ ಅಂತ ನನ್ನ ಊಹೆ. ನಿಮ್ಮನ್ನು ತಡೆದಿರುವುದು ಮಂಚ, ಬೀರು, ಮೇಜುಗಳಲ್ಲ. ಅವನ್ನು ಟೇಪು ಹಿಡಿದು ಅಳೆದರೆ ಹೊಸ ಮನೆಗೆ ಹಿಡಿಸುತ್ತವೋ ಇಲ್ಲವೋ ಅರ್ಧ ದಿನದಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನವಾಗದೆ ಉಳಿಯುವುದು ಗಾಜಿನ ಕಪಾಟಿನ ಸಾಮಾನು. ಅಂಚೆಚೀಟಿಯ ಆಲ್ಬಮ್ಮು, ನಾಣ್ಯದ ಡಬ್ಬಿ, ಪಿಂಗಾಣಿ ಗೊಂಬೆಗಳು, ಅಜ್ಜನ ಕೈಗಡಿಯಾರ, ಯಾರೋ ಉಡುಗೊರೆ ಕೊಟ್ಟ ಬೆಳ್ಳಿ ತಟ್ಟೆ, ಒಮ್ಮೆಯೂ ಮೇಜಿಗೆ ಬಾರದ ಚಹಾ ಸೆಟ್ಟು.

ಇಂಥವನ್ನು ಮಾರಬೇಕೋ ಬೇಡವೋ ಎಂದು ಹೇಳಲು ನಾನು ಬಂದಿಲ್ಲ. ಮಾರುವುದೇ ಆದರೆ ಕೂಡಿಟ್ಟವರೇ ಮಾರಬೇಕು, ಮಕ್ಕಳ ತಲೆಗೆ ಕಟ್ಟಬಾರದು ಎಂಬುದಷ್ಟೇ ನನ್ನ ಮಾತು. ಯಾಕೆಂದರೆ ಯಾವ ಡಬ್ಬಿಯಲ್ಲಿ ಏನಿದೆ, ಅದು ಎಲ್ಲಿಂದ ಬಂತು, ಯಾವುದು ಅಸಲಿ, ಯಾವುದು ಜಾತ್ರೆಯ ಮಾಲು ಎಂಬುದೆಲ್ಲ ಇರುವುದು ನಿಮ್ಮ ತಲೆಯಲ್ಲಿ ಮಾತ್ರ. ನೀವು ಇಲ್ಲದ ಮೇಲೆ ಆ ಮನೆ ಖಾಲಿ ಮಾಡುವವರಿಗೆ ಇರುವುದು ನಾಲ್ಕು ದಿನದ ರಜೆ, ಬಾಗಿಲಲ್ಲಿ ನಿಂತ ಲಾರಿ, ಜೊತೆಗೆ ದುಃಖ. ಹೆಸರು ಬರೆಯದ ಡಬ್ಬಿ ನೇರ ಗುಜರಿಗೆ ಹೋಗುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮಾರಲು ಕೂತಾಗ ಮೊದಲು ಎದುರಾಗುವುದು ಬೆಲೆಯ ಜಗಳ. ನಮಗೂ ಪೇಟೆಗೂ ನಡುವಿನ ಜಗಳ. ಇದರ ಬಗ್ಗೆ ಒಂದು ಹೆಸರಾದ ಪ್ರಯೋಗವಿದೆ. ಡೇನಿಯಲ್ ಕಾನೆಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರು ಹೇಳಿದ್ದು ಸುಮಾರು 5.25 ಡಾಲರ್, ಕೊಳ್ಳುವವರು ಹೇಳಿದ್ದು 2.25ರಿಂದ 2.75 ಡಾಲರ್. ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಗ್. ಅವರ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು, ಅಷ್ಟೇ. ಅಷ್ಟು ಹೊತ್ತಿನ ಒಡೆತನಕ್ಕೇ ಬೆಲೆ ಎರಡು ಪಟ್ಟಾಗುವುದಾದರೆ, ನಲವತ್ತು ವರ್ಷ ಒರೆಸಿ ಒರೆಸಿ ಇಟ್ಟ ಗೊಂಬೆಗೆ ಎಷ್ಟಾಗಬೇಡ!

ಆದ್ದರಿಂದ ವ್ಯಾಪಾರಿ ಕಡಿಮೆ ಬೆಲೆ ಹೇಳಿದ ಕೂಡಲೇ ಅವನು ಮೋಸಗಾರ ಎಂದುಕೊಳ್ಳಬೇಡಿ. ಮೋಸಗಾರನೂ ಇರಬಹುದು, ಆ ಮಾತು ಆಮೇಲೆ. ಅವನಿಗೆ ನಿಮ್ಮ ನಲವತ್ತು ವರ್ಷ ಕಾಣುವುದಿಲ್ಲ. ಇಂಥದ್ದು ಎಷ್ಟಿವೆ, ಇದು ಯಾವ ಸ್ಥಿತಿಯಲ್ಲಿದೆ, ಬೇಕು ಎನ್ನುವವರು ಈಗ ಎಷ್ಟು ಜನ, ಈ ಮೂರನ್ನೇ ಅವನು ನೋಡುವುದು.

ಹಳೆಯದು ಎಂದರೆ ಅಪರೂಪ ಎಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಬ್ರಿಟನ್ನಿನಲ್ಲಿ ಹೊರಬಂದದ್ದು 1840ರ ಮೇ ತಿಂಗಳಲ್ಲಿ. ಅದಕ್ಕಿಂತ ಹಳೆಯದು ಇಲ್ಲವೇ ಇಲ್ಲ. ಆದರೆ ಅಚ್ಚಾದದ್ದು ಸುಮಾರು 6.8 ಕೋಟಿ. ಹಾಗಾಗಿ ಮುದ್ರೆ ಬಿದ್ದ, ಅಂಚು ಕತ್ತರಿಸಿಹೋದ ಸಾಧಾರಣ ಪ್ರತಿ ಇವತ್ತಿಗೂ ಸಾಮಾನ್ಯ ಸಂಗ್ರಾಹಕನ ಕೈಗೆಟುಕುತ್ತದೆ. ಇನ್ನೊಂದು ತುದಿಯಲ್ಲಿ 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಕೆಂಪು ಚೀಟಿ ಇದೆ. ಗೊತ್ತಿರುವುದು ಜಗತ್ತಿಗೆಲ್ಲ ಒಂದೇ ಪ್ರತಿ. ಅದು 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹರಾಜಾಯಿತು, 2021ರಲ್ಲಿ ಸುಮಾರು 83 ಲಕ್ಷಕ್ಕೆ. ಜಗತ್ತಿನಲ್ಲಿ ಒಂದೇ ಒಂದು ಇರುವ ವಸ್ತುವೂ ಏಳು ವರ್ಷದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಇಳಿಯಿತು. ‘ಇಟ್ಟಷ್ಟೂ ಬೆಲೆ ಏರುತ್ತದೆ’ ಎಂದು ಯಾರಾದರೂ ಹೇಳಿದರೆ ಈ ಚೀಟಿ ನೆನಪಿರಲಿ.

ಇನ್ನು ‘ಲಿಮಿಟೆಡ್ ಎಡಿಷನ್’ ಎಂದು ಮುದ್ರಿಸಿ, ಪ್ರಮಾಣಪತ್ರ ಜೋಡಿಸಿ ಮಾರಿದ ಮಾಲು. ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಗೋಡೆಗೆ ನೇತುಹಾಕುವ ಚಿತ್ರದ ತಟ್ಟೆಗಳನ್ನೇ ತೆಗೆದುಕೊಳ್ಳಿ. ಡೆನ್ಮಾರ್ಕಿನ ಬಿಂಗ್ ಆ್ಯಂಡ್ ಗ್ರೋಂಡಾಲ್ ಕಂಪನಿ 1895ರಲ್ಲಿ ಮೊದಲ ಕ್ರಿಸ್‌ಮಸ್ ತಟ್ಟೆ ತಂದಾಗ ಅದು ನಿಜಕ್ಕೂ ಕಡಿಮೆ ಸಂಖ್ಯೆಯ ವಸ್ತು. ಇಪ್ಪತ್ತನೇ ಶತಮಾನದ ಕೊನೆಗೆ ಬಂದ ತಟ್ಟೆಗಳ ಹಿಂಬದಿ ಓದಿ ನೋಡಿ. ಎಷ್ಟು ತಟ್ಟೆ ಎಂದು ಅಲ್ಲಿ ಬರೆದಿರುವುದಿಲ್ಲ, ಇಷ್ಟು ದಿನ ಮಾತ್ರ ಭಟ್ಟಿಯಲ್ಲಿ ಸುಡುತ್ತೇವೆ ಎಂದು ಬರೆದಿರುತ್ತದೆ. ಅಷ್ಟು ದಿನದಲ್ಲಿ ಭಟ್ಟಿಯಿಂದ ಎಷ್ಟು ಸಾವಿರ ಹೊರಬಂದವು ಎಂಬುದು ಅವರಿಗೇ ಗೊತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಬೀನಿ ಬೇಬೀಸ್ ಎಂಬ ಬಟ್ಟೆ ಗೊಂಬೆಗಳ ಹುಚ್ಚು ಹಬ್ಬಿತ್ತು. 1999ರಲ್ಲಿ ವಿಚ್ಛೇದನ ಪಡೆದ ದಂಪತಿ ನ್ಯಾಯಾಲಯದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಿನಗೊಂದು ನನಗೊಂದು ಎಂದು ಗೊಂಬೆ ಹಂಚಿಕೊಂಡ ಫೋಟೊ ಪತ್ರಿಕೆಗಳಲ್ಲಿ ಬಂತು. ಸ್ವಲ್ಪ ಕಾಲದಲ್ಲೇ ಆ ಮಾರುಕಟ್ಟೆ ನೆಲಕಚ್ಚಿತು. ಸಂಗ್ರಹಿಸಲೆಂದೇ ತಯಾರಾದ ವಸ್ತುವನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಎಲ್ಲರೂ ಜೋಪಾನ ಮಾಡಿದ್ದು ಅಪರೂಪವಾಗುವುದು ಹೇಗೆ? ಆಟಿಕೆ ಎಂದು ಮಕ್ಕಳು ಒಡೆದು ಹಾಕಿದ್ದರಲ್ಲಿ ಅಪ್ಪಿತಪ್ಪಿ ಪೆಟ್ಟಿಗೆಯೊಳಗೇ ಉಳಿದುಕೊಂಡದ್ದಕ್ಕೆ ಈಗ ಬೆಲೆ.

ಈಗ ಕೈಗೆ ಬಂದ ಒಂದು ವಸ್ತುವನ್ನು ನೋಡುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಳ್ಳಿಯ ಚಮಚ ಎಂದುಕೊಳ್ಳಿ. ಅಂದಚೆಂದ ಬಿಡಿ, ಹಿಡಿಕೆಯ ಹಿಂಬದಿಯ ಮುದ್ರೆ ನೋಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಲೆನ್ಸಿನಲ್ಲಿ ನೋಡಬೇಕು. 925 ಎಂದಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಸ್ಟರ್ಲಿಂಗ್. ಏನೂ ಬೆಲೆ ಬರದಿದ್ದರೂ ತೂಕದ ಬೆಲೆಗೆ ಮೋಸವಿಲ್ಲ. ಇಪಿಎನ್‌ಎಸ್ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಏರಿಸಿದ ಬೆಳ್ಳಿಯ ಪೊರೆ. ಇಂಗ್ಲೆಂಡಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದ ಮೇಜುಗಳೆಲ್ಲ ಬೆಳ್ಳಗೆ ಹೊಳೆಯತೊಡಗಿದವು. ತಿಕ್ಕಿ ತಿಕ್ಕಿ ತುದಿಯಲ್ಲಿ ಹಳದಿ ಬಣ್ಣ ಇಣುಕುತ್ತಿದ್ದರೆ ಮುದ್ರೆ ಹುಡುಕುವ ಅಗತ್ಯವೂ ಇಲ್ಲ. ಸ್ಟರ್ಲಿಂಗ್ ಮುದ್ರೆ ಇದ್ದರೂ ಮೋಂಬತ್ತಿ ಕಂಬವನ್ನು ತೂಕಕ್ಕೆ ಹಾಕುವ ಮೊದಲು ಬುಡ ನೋಡಿ. ಬೀಳದಂತೆ ನಿಲ್ಲಲಿ ಎಂದು ಒಳಗೆ ರಾಳವನ್ನೋ ಸಿಮೆಂಟನ್ನೋ ತುಂಬಿರುತ್ತಾರೆ, ಬೆಳ್ಳಿ ಹೊರಗಿನ ತೆಳು ತಗಡು ಮಾತ್ರ. ಚಾಕುವಿನ ಹಿಡಿಕೆಯೂ ಹಾಗೆಯೇ, ಒಳಗೆ ಪೊಳ್ಳು.

ಪಿಂಗಾಣಿಯಾದರೆ ಕಣ್ಣಿಗಿಂತ ಬೆರಳನ್ನು ನಂಬಿ. ಬಟ್ಟಲಿನ ಅಂಚಿನ ಸುತ್ತ ಬೆರಳ ತುದಿಯನ್ನು ನಿಧಾನವಾಗಿ ಆಡಿಸಿ. ಕಣ್ಣು ತಪ್ಪಿಸಿದ ಚಕ್ಕೆ ಬೆರಳಿಗೆ ಸಿಗುತ್ತದೆ. ಆಮೇಲೆ ಅಂಗೈ ಮೇಲೆ ಕೂರಿಸಿ ಉಗುರಿನಿಂದ ಅಂಚನ್ನು ಮೀಟಿ. ಬಿರುಕಿಲ್ಲದ ಬಟ್ಟಲು ಸಣ್ಣಗೆ ನಾದ ಬಿಡುತ್ತದೆ, ಬಿರುಕು ಬಿಟ್ಟದ್ದು ಠಪ್ಪೆಂದು ಸುಮ್ಮನಾಗುತ್ತದೆ. ಚಿನ್ನದ ಅಂಚಿನ ಊಟದ ಸೆಟ್ಟುಗಳಿಗೆ ಈಗ ಗಿರಾಕಿ ಸಿಗದಿರುವುದಕ್ಕೆ ಸರಳ ಕಾರಣವೊಂದಿದೆ. ಅವನ್ನು ಮೈಕ್ರೋವೇವಿನಲ್ಲಿ ಇಡುವಂತಿಲ್ಲ, ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕುವಂತಿಲ್ಲ. ಕೈಯಲ್ಲಿ ತೊಳೆಯಬೇಕಾದ ಹನ್ನೆರಡು ಜನರ ಸೆಟ್ಟನ್ನು ಯಾವ ಮಗಳು, ಯಾವ ಸೊಸೆ ಬೇಕು ಅನ್ನುತ್ತಾಳೆ ಹೇಳಿ?

ಇಲ್ಲೇ ಒಂದು ಎಚ್ಚರಿಕೆ. ಮಾರುವ ಮೊದಲು ಹೊಳಪು ಕೊಡಲು ಹೋಗಬೇಡಿ. ನಾಣ್ಯ ತಿಕ್ಕಿದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರು ಬೀಳುತ್ತದೆ, ಲೆನ್ಸ್ ಹಿಡಿದವನಿಗೆ ಅದು ತಕ್ಷಣ ಕಾಣುತ್ತದೆ, ಬೆಲೆ ಅಲ್ಲೇ ಬೀಳುತ್ತದೆ. ಹಳೆಯ ಲಕೋಟೆಯಿಂದ ಅಂಚೆಚೀಟಿ ಬಿಡಿಸಬೇಡಿ. ಮುದ್ರೆ, ವಿಳಾಸ ಸಮೇತ ಇಡೀ ಲಕೋಟೆಗೇ ಎಷ್ಟೋ ಸಲ ಹೆಚ್ಚು ಬೆಲೆ. ಪುಸ್ತಕದ ಹರಿದ ಹೊರಕವಚವನ್ನು ಎಸೆಯಬೇಡಿ, ಆಟಿಕೆಯ ಖಾಲಿ ಪೆಟ್ಟಿಗೆಯನ್ನೂ ಎಸೆಯಬೇಡಿ. ಧೂಳು ಒರೆಸಿ, ಸಾಕು.

ವಸ್ತುವಿನ ಮೇಲೆ ಹೆಸರು ಕೆತ್ತಿಸಿದ್ದರೆ? ನಮ್ಮ ನಿಮ್ಮ ಹೆಸರಾದರೆ ಬೆಲೆ ಕಡಿಮೆಯೇ. ಅಪರಿಚಿತರ ಹೆಸರಿನ ಬಟ್ಟಲಲ್ಲಿ ಕುಡಿಯಲು ಯಾರಿಗೆ ಇಷ್ಟ? ಹೆಸರು ದೊಡ್ಡದಾದರೆ ಲೆಕ್ಕ ತಲೆಕೆಳಗು. 1996ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜು ಸಂಸ್ಥೆಯಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರ ಮನೆಯ ಸಾಮಾನು ಹರಾಜಾಯಿತು. ಅದರಲ್ಲಿ ಒಂದು ಮೂರೆಳೆಯ ಸರ, ನಕಲಿ ಮುತ್ತಿನದು. 500ರಿಂದ 700 ಡಾಲರ್ ಬರಬಹುದು ಎಂದು ಅಂದಾಜು ಮಾಡಿದ್ದರು. ಕೊನೆಗೆ ಹೋದದ್ದು 2,11,500 ಡಾಲರಿಗೆ. ಕೊಂಡವರು ಯಾರು ಗೊತ್ತೇ? ಫ್ರಾಂಕ್ಲಿನ್ ಮಿಂಟ್, ಅಂಚೆಯ ಮೂಲಕ ‘ಸಂಗ್ರಹಯೋಗ್ಯ’ ವಸ್ತು ಮಾರುತ್ತಿದ್ದ ಕಂಪನಿ. ಆ ನಕಲಿ ಸರದ ನಕಲು ಮಾಡಿ ಅವರು ಮತ್ತೆ ಮಾರಿದರು. ಅವುಗಳಲ್ಲಿ ಒಂದು ಈಗ ಯಾರದೋ ಡ್ರಾಯರಿನಲ್ಲಿ, ಮುಂದೊಂದು ದಿನ ಭಾರಿ ಬೆಲೆ ಬರುತ್ತದೆ ಎಂದು ಕಾದುಕೊಂಡಿರುತ್ತದೆ.

ಇಲ್ಲಿ ನಮಗೆ ಬೇಕಾದ ವಿಷಯ, ಮೂಲದ ದಾಖಲೆಗೆ ಬೆಲೆ ಇದೆ ಎಂಬುದು. ಕೊಂಡ ರಸೀದಿ, ಜೊತೆಗೆ ಬಂದ ಪತ್ರ, ಆ ಗಡಿಯಾರ ಕಟ್ಟಿಕೊಂಡ ಅಜ್ಜನ ಫೋಟೊ, ಇವನ್ನೆಲ್ಲ ವಸ್ತುವಿನ ಜೊತೆಗೇ ಇಡಿ. ಇವನ್ನು ಜೋಡಿಸಬಲ್ಲವರು ನೀವು ಮಾತ್ರ.

ಈಗ ಎಲ್ಲಿ ಮಾರುವುದು ಎಂಬ ಪ್ರಶ್ನೆ. ಹರಾಜು ಸಂಸ್ಥೆ, ಅಂಗಡಿಯ ವ್ಯಾಪಾರಿ, ಆನ್‌ಲೈನ್, ಮನೆ ಪೂರ್ತಿ ಖಾಲಿ ಮಾಡಿಕೊಡುವವರು, ಒಬ್ಬೊಬ್ಬರದು ಒಂದೊಂದು ರೀತಿ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ ಪೂರ್ತಿ ನಿಮ್ಮದಲ್ಲ. ಅದರಲ್ಲಿ ನಿಮ್ಮಿಂದ ಕಮಿಷನ್ ಹಿಡಿಯುತ್ತಾರೆ. ಫೋಟೊ, ವಿಮೆ, ಸಾಗಣೆ ಎಂದು ಇನ್ನಷ್ಟು ಹೋಗಬಹುದು. ಕೊಳ್ಳುವವನಿಂದಲೂ ಮೇಲಿಷ್ಟು ಪಡೆಯುತ್ತಾರೆ, ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೂಗುತ್ತಾನೆ. ಇದಕ್ಕಿಂತ ಕೆಳಗೆ ಮಾರಬೇಡಿ ಎಂದು ಮೀಸಲು ಬೆಲೆ ನಿಗದಿ ಮಾಡಬಹುದು. ಆದರೆ ಆಸೆಗೆ ಬಿದ್ದು ಅದನ್ನು ಏರಿಸಿ ವಸ್ತು ಮಾರಾಟವಾಗದೆ ಉಳಿದರೆ ಆ ಸಂಗತಿ ಇಂಟರ್ನೆಟ್ಟಿನಲ್ಲಿ ದಾಖಲಾಗಿರುತ್ತದೆ. ಮುಂದಿನ ಗಿರಾಕಿ ಅದನ್ನು ಓದಿಕೊಂಡೇ ಬರುತ್ತಾನೆ.

ಆನ್‌ಲೈನಿನಲ್ಲಿ ಬೆಲೆ ಹುಡುಕುವಾಗ ಜನ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಹೋದ ಬೆಲೆ ನೋಡಿ. ಕೇಳುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಯಾರು ಬೇಕಾದರೂ ಮಾರಬಹುದಾದ ಆನ್‌ಲೈನ್ ತಾಣ ಇಬೇ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದ ಸಾಮಾನುಗಳಲ್ಲಿ ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್ ಇತ್ತು, 14.83 ಡಾಲರಿಗೆ ಹೋಯಿತು. ಕೆಟ್ಟದ್ದು ಅಂತ ಗೊತ್ತಿದೆಯಾ ಎಂದು ಕೇಳಿದ್ದಕ್ಕೆ, ಕೆಟ್ಟವನ್ನೇ ನಾನು ಸಂಗ್ರಹಿಸುವುದು ಎಂದನಂತೆ ಕೊಂಡವನು. ಯಾವ ಮಡಕೆಗೂ ಒಂದು ಮುಚ್ಚಳ ಸಿಗುತ್ತದೆ ಎಂದು ಖುಷಿಪಡಬಹುದು. ಆದರೆ ಅದೇ ಇಂಟರ್ನೆಟ್ಟು, ನಮ್ಮ ಊರಿಗೊಂದೇ ಎಂದುಕೊಂಡಿದ್ದ ಗೊಂಬೆ ಸಾವಿರಾರು ಮನೆಗಳಲ್ಲಿ ಇದೆ ಎಂಬುದನ್ನೂ ಬಯಲು ಮಾಡಿತು.

ಮೋಸದ ಮಾತು ಬಾಕಿ ಇತ್ತಲ್ಲ. ಬೆಲೆ ಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆಗಬಾರದು. ಕೊಳ್ಳುವ ಉದ್ದೇಶವೇ ಇಲ್ಲದ, ಶುಲ್ಕ ಪಡೆದು ಬೆಲೆ ಹೇಳುವವರಿಂದ ಮೊದಲು ಪಟ್ಟಿ ಮಾಡಿಸಿಕೊಳ್ಳಿ. ಯಾವ ಸಂಗ್ರಹದಲ್ಲೂ ಹೆಚ್ಚಿನ ಬೆಲೆ ಕೆಲವೇ ವಸ್ತುಗಳಲ್ಲಿ ಅಡಗಿರುತ್ತದೆ. ಮನೆಗೆ ಬಂದವನು ‘ಉಳಿದದ್ದು ನೋಡೋಣ, ಸದ್ಯಕ್ಕೆ ಈ ಎರಡು ತಗೋತೀನಿ’ ಎಂದರೆ ಅವನಿಗೆ ಕೆಲಸ ಗೊತ್ತಿದೆ ಎಂದರ್ಥ. ಆ ಎರಡನ್ನು ಕೊಡಬೇಡಿ.

ದಂತದ ಬಗ್ಗೆ ಎರಡು ಮಾತು. ಹಳೆಯ ಪಿಯಾನೋ ಕೀಲಿಗಳು, ಚಾಕುವಿನ ಹಿಡಿಕೆ, ಆಭರಣದ ಪೆಟ್ಟಿಗೆಯ ಕೆತ್ತನೆ, ಇವುಗಳಲ್ಲಿ ಆನೆಯ ದಂತ ಇರಬಹುದು. ಅಡ್ಡಕ್ಕೆ ಕೊಯ್ದ ತುದಿಯಲ್ಲಿ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಬಲೆ ಕಂಡರೆ ದಂತ, ಚಿಕ್ಕ ಚಿಕ್ಕ ಕಪ್ಪು ಚುಕ್ಕೆ ಕಂಡರೆ ಮೂಳೆ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂತು. 1989ರಲ್ಲಿ ಆಫ್ರಿಕದ ಆನೆಯನ್ನು ಅದರ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿದರು. ಅಜ್ಜಿಯ ಕಾಲದ್ದು ಎಂಬ ಮಾತು ಗಡಿಯಲ್ಲಿ ನಡೆಯುವುದಿಲ್ಲ. ದೇಶದೊಳಗೆ ಮಾರುವುದಕ್ಕೂ ಹಲವೆಡೆ ನಿರ್ಬಂಧವಿದೆ. ನಿಮ್ಮಲ್ಲಿಯ ಕಾನೂನು ಕೇಳಿಕೊಳ್ಳದೆ ಜಾಹೀರಾತು ಹಾಕಬೇಡಿ.

ಇಷ್ಟು ಹೊತ್ತು ಪೇಟೆಯ ಮಾತಾಯಿತು. ಕಷ್ಟದ ಭಾಗ ಬೇರೆ ಇದೆ, ನೀವು ಬಂದಿರುವುದೂ ಅದಕ್ಕೇ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಕೆಲವು ಹಾಸ್ಟೆಲ್‌ಗಳಲ್ಲಿ ‘ಬೇಡದ ವಸ್ತು ದಾನ ಮಾಡಿ’ ಎಂಬ ಸಾಮಾನ್ಯ ಭಿತ್ತಿಪತ್ರ, ಬೇರೆ ಕೆಲವುಗಳಲ್ಲಿ ‘ನೆನಪಿನ ವಸ್ತುವಿನ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕೊಡಿ’ ಎಂಬ ಭಿತ್ತಿಪತ್ರ. ಮೊದಲ ಕಡೆ 533 ವಸ್ತು ಬಂದರೆ ಎರಡನೆಯ ಕಡೆ 613 ಬಂದವು. ಭಾರಿ ವ್ಯತ್ಯಾಸವೇನಲ್ಲ, ಆದರೆ ಖರ್ಚಿಲ್ಲದ ಉಪಾಯ. ನಾನು ಇದಕ್ಕೆ ಸೇರಿಸುವುದೇನೆಂದರೆ, ಫೋಟೊ ಜೊತೆಗೆ ನಾಲ್ಕು ಸಾಲು ಬರೆಯಿರಿ, ಇಲ್ಲವೇ ಫೋನಿನಲ್ಲಿ ಮಾತಾಡಿ ಧ್ವನಿ ಉಳಿಸಿ. ಮೊಮ್ಮಕ್ಕಳಿಗೆ ಆ ಗಡಿಯಾರ ಬೇಡವಾಗಿರಬಹುದು. ಅಜ್ಜ ಅದನ್ನು ಅಡ ಇಟ್ಟು ಬಿಡಿಸಿಕೊಂಡ ಕಥೆ ಬೇಡ ಅನ್ನುವುದಿಲ್ಲ.

ಇನ್ನೊಂದು ಅಧ್ಯಯನ 2012ರದ್ದು, ಏರನ್ ಬ್ರೋ ಮತ್ತು ಮ್ಯಾಥ್ಯೂ ಐಸಾಕ್ ಎಂಬವರದು. ಪ್ರೀತಿಯ ವಸ್ತುವನ್ನು ಮಾರುವವರು, ಅದನ್ನು ಸರಿಯಾಗಿ ಬಳಸುತ್ತೇನೆ ಎನ್ನುವ ಗಿರಾಕಿಗೆ ಕಡಿಮೆ ಬೆಲೆಗೂ ಕೊಡುತ್ತಾರೆ ಎಂದು ಅದು ಹೇಳುತ್ತದೆ. ಇದನ್ನು ಓದಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅಂಥ ಗಿರಾಕಿ ಸಿಕ್ಕರೆ ನಾಲ್ಕು ಕಾಸು ಕಡಿಮೆಗೆ ಕೊಟ್ಟುಬಿಡಿ, ಅದು ನಷ್ಟವಲ್ಲ. ಮನೆ ಮುಂದೆ ಮೇಜು ಹಾಕಿ ಮಾರುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಬಕೆಟ್ಟು, ಕುರ್ಚಿಗೆ ಅದು ಸರಿ. ಅಮ್ಮನ ಚಹಾ ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಗು ಮುರಿದು, ಅರ್ಧಕ್ಕೆ ಚೌಕಾಸಿ ಮಾಡುವವರ ಎದುರು ನೀವು ಯಾಕೆ ಕೂರಬೇಕು? ಆ ಕೆಲಸ ಬೇರೆಯವರಿಂದ ಮಾಡಿಸಿ.

ಕೊನೆಗೆ ಒಬ್ಬ ಸಂಗ್ರಾಹಕನ ವಿಷಯ. ಫ್ರಾನ್ಸಿನ ಎಡ್ಮಂಡ್ ಡ ಗೊಂಕೂರ್ ತನ್ನ ತಮ್ಮ ಜ್ಯೂಲ್ ಜೊತೆ ಸೇರಿ ಹದಿನೆಂಟನೇ ಶತಮಾನದ ರೇಖಾಚಿತ್ರ, ಮುದ್ರಣ ಚಿತ್ರಗಳನ್ನು ಜೀವಮಾನವಿಡೀ ಕೂಡಿಹಾಕಿದವನು, ಆಮೇಲೆ ಜಪಾನಿನ ಕಲಾವಸ್ತುಗಳನ್ನೂ. ತಮ್ಮ ಮೊದಲೇ ತೀರಿಕೊಂಡ. ಮಕ್ಕಳಿಲ್ಲ. ಇದನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಕೊಡಬಾರದು, ಹರಾಜು ಹಾಕಬೇಕು, ಒಂದೊಂದನ್ನು ಕೊಂಡಾಗ ತನಗಾದ ಖುಷಿ ತನ್ನಂಥದೇ ಅಭಿರುಚಿಯ ಇನ್ನೊಬ್ಬನಿಗೆ ಮತ್ತೆ ಸಿಗಬೇಕು ಎಂದು ಉಯಿಲು ಬರೆದ. 1896ರಲ್ಲಿ ಅವನು ತೀರಿಕೊಂಡ, ಮರುವರ್ಷ ಪ್ಯಾರಿಸ್ಸಿನಲ್ಲಿ ಹರಾಜು ನಡೆಯಿತು. ಹಣ ಅವನ ಹೆಸರಿನ ಅಕಾಡೆಮಿಗೆ ಹೋಯಿತು. ಆ ಅಕಾಡೆಮಿ 1903ರಿಂದ ಕೊಡುತ್ತ ಬಂದಿರುವುದೇ ಫ್ರೆಂಚ್ ಸಾಹಿತ್ಯದ ಗೊಂಕೂರ್ ಪ್ರಶಸ್ತಿ. ನಾವು ಯಾರೂ ಪ್ರಶಸ್ತಿ ಸ್ಥಾಪಿಸಬೇಕಿಲ್ಲ. ಆದರೆ ಯಾವುದು ಎಲ್ಲಿಗೆ ಹೋಗಬೇಕೆಂದು ಅವನು ಬದುಕಿರುವಾಗಲೇ ಬರೆದಿಟ್ಟ, ಅಷ್ಟನ್ನು ನಾವೂ ಮಾಡಬಹುದು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಒಂದಾದರೂ ಇಟ್ಟುಕೊಳ್ಳಬಾರದೇ? ಧಾರಾಳವಾಗಿ ಇಟ್ಟುಕೊಳ್ಳಿ. ಸಂಗ್ರಹದಿಂದ ಒಂದನ್ನು ತೆಗೆದರೆ ಏನೂ ಆಗುವುದಿಲ್ಲ. ಸೆಟ್ಟಿನಿಂದ ಒಂದನ್ನು ತೆಗೆದರೆ ಉಳಿದವುಗಳ ಬೆಲೆ ಬೀಳುತ್ತದೆ. ಆದರೆ ಆ ಸೆಟ್ಟಿಗೆ ಹೇಗೂ ಬೆಲೆ ಇಲ್ಲ ಎಂದು ಗೊತ್ತಾದ ಮೇಲೆ ಒಂದು ಬಟ್ಟಲು ತೆಗೆದಿಟ್ಟುಕೊಂಡು ದಿನಾ ಅದರಲ್ಲೇ ಕುಡಿಯಿರಿ.

ಇನ್ನೊಬ್ಬರು: ಮಾರಿದ ಮೇಲೆ ಮಕ್ಕಳು ‘ನನಗೆ ಬೇಕಿತ್ತು’ ಎಂದು ತಕರಾರು ತೆಗೆದರೆ? ಮೊದಲೇ ಎಲ್ಲರಿಗೂ ಒಟ್ಟಿಗೆ ಫೋಟೊ ಕಳಿಸಿ, ಒಂದು ದಿನಾಂಕ ಹೇಳಿ. ಬೇಕಾದವರು ಅಷ್ಟರೊಳಗೆ ಬಂದು ಒಯ್ಯಬೇಕು. ‘ನನಗೇ ಇರಲಿ, ಸದ್ಯಕ್ಕೆ ನಿಮ್ಮಲ್ಲೇ ಇಟ್ಟಿರಿ’ ಎಂಬ ಉತ್ತರವನ್ನು ಬೇಡ ಎಂದೇ ಓದಿಕೊಳ್ಳಿ.

ಕೊನೆಯ ಪ್ರಶ್ನೆ ಒಬ್ಬ ನಿವೃತ್ತ ಮೇಷ್ಟ್ರದು: ವಿಶ್ವಕೋಶದ ಪೂರ್ತಿ ಸಂಪುಟಗಳಿವೆ, ಗ್ರಂಥಾಲಯದವರೂ ಬೇಡ ಅಂದರು, ಏನು ಮಾಡಲಿ? ಸಾರ್, 1768ರಲ್ಲಿ ಶುರುವಾದ ಬ್ರಿಟಾನಿಕಾವೇ 2012ರಲ್ಲಿ ಇನ್ನು ಅಚ್ಚು ಹಾಕುವುದಿಲ್ಲ ಎಂದು ಘೋಷಿಸಿತು. ಕೊನೆಯ ಮುದ್ರಣ 32 ಸಂಪುಟಗಳದ್ದು. ನಿಮ್ಮದು ತೀರಾ ಹಳೆಯ ಮುದ್ರಣವಲ್ಲದಿದ್ದರೆ ಕಾಗದದ ತೂಕಕ್ಕೆ ಕೊಡಬೇಕಾಗುತ್ತದೆ. ಕೊಡುವ ಮೊದಲು ಪ್ರತಿ ಸಂಪುಟವನ್ನೂ ಬೆನ್ನು ಹಿಡಿದು ತಲೆಕೆಳಗು ಮಾಡಿ ಒಮ್ಮೆ ಕೊಡವಿ. ನೋಟು, ಪತ್ರ, ಫೋಟೊ, ಠೇವಣಿ ರಸೀದಿ, ಏನು ಬೇಕಾದರೂ ಬೀಳಬಹುದು. ರಸೀದಿ ಸಿಕ್ಕರೆ ಮೊದಲು ಬ್ಯಾಂಕಿಗೆ ಹೋಗಿ, ಪುಸ್ತಕದ ಗಾಡಿ ನಾಳೆ ಬರಲಿ.